ಕೊಟ್ಟುದನ್ನು ಕಾಯುವ ಧರ್ಮ
(ಬೆಳಗಾವಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ಪಾಠ)



ದಾನದ ಮಹಿಮೆಯನ್ನು ವರ್ಣಿಸುವುದಕ್ಕಾಗಿ ನಾನು ಇಲ್ಲಿ ನಿಂತಿಲ್ಲ. ದಾನಚಿಂತಾಮಣಿ ಅತ್ತಿಮಬ್ಬೆಯನ್ನು ಪಡೆದ ನಾಡಿನವರಿಗೆ, ದಾಸೋಹವೆಂಬುದನ್ನು ನಿತ್ಯದ ಆಚಾರವಾಗಿ ಬಲ್ಲ ಜನಕ್ಕೆ, ಕೊಡುವುದು ಒಳ್ಳೆಯದೆಂದು ಉಪದೇಶಿಸುವ ಆವಶ್ಯಕತೆ ಇಲ್ಲ. ಆದರೆ ಕೊಟ್ಟುದು ಉಳಿಯಬೇಕಾದರೆ, ಕೊಟ್ಟವನ ಉದ್ದೇಶವು ಅವನ ಕಾಲಾನಂತರವೂ ನೆರವೇರಬೇಕಾದರೆ, ಕೊಡುವವನು ಏನು ಮಾಡಬೇಕು, ಪಡೆಯುವವನು ಏನು ಮಾಡಬೇಕು ಎಂಬ ಪ್ರಶ್ನೆಯನ್ನು ನಾವು ಸಾಕಷ್ಟು ವಿಚಾರಿಸಿಲ್ಲವೆಂಬುದು ನನ್ನ ಬಹುಕಾಲದ ಅಭಿಪ್ರಾಯ. ವೃತ್ತಿಜೀವನವನ್ನು ಮುಗಿಸಿ, ಪಿಂಚಣಿಯ ಮೇಲೆ ನೆಮ್ಮದಿಯಾಗಿ ಬಾಳುತ್ತ, ತಮ್ಮ ಗಳಿಕೆಯ ಒಂದಂಶವನ್ನು ಊರಿನ ಶಾಲೆಗೋ ವಾಚನಾಲಯಕ್ಕೋ ಆಸ್ಪತ್ರೆಗೋ ಬಿಟ್ಟುಹೋಗಬೇಕೆಂದು ಮನಸ್ಸು ಮಾಡಿರುವ ಸಜ್ಜನರ ಸಂಖ್ಯೆ ನಮ್ಮಲ್ಲಿ ಸಣ್ಣದಲ್ಲ; ಆದರೆ ಆ ಸತ್ಸಂಕಲ್ಪದ ಬಹುಭಾಗವು ಬಾಯಿಮಾತಿನಲ್ಲಿಯೇ ಉಳಿದು ಅವರೊಡನೆಯೇ ತೀರಿಹೋಗುತ್ತಿದೆ. ಇಂದಿನ ನನ್ನ ಮಾತೆಲ್ಲ ಈ ನಷ್ಟವನ್ನು ಕುರಿತುದು.

ನಮ್ಮ ಪೂರ್ವಿಕರು ಈ ವಿಷಯದಲ್ಲಿ ನಮಗಿಂತ ಜಾಗರೂಕರಾಗಿದ್ದರೆಂಬುದಕ್ಕೆ ಸಾಕ್ಷಿಯನ್ನು ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ. ಖಾನಾಪುರದಿಂದ ನಂದಗಡದ ಮಾರ್ಗವಾಗಿ ಹಲಸಿಗೆ ಹೋದವರೆಲ್ಲರೂ ಅಲ್ಲಿಯ ಭೂವರಾಹ ನರಸಿಂಹ ದೇವಾಲಯವನ್ನು ಕಂಡಿದ್ದೀರಿ. ಕದಂಬರ ಕಾಲದಲ್ಲಿ ಪಲಾಶಿಕಾ ಎಂದು ಹೆಸರಾಗಿದ್ದ ಆ ಊರಿನ ಹೊರಗಿನ ಒಂದು ದಿಬ್ಬದಲ್ಲಿ, ಹತ್ತೊಂಬತ್ತನೆಯ ಶತಮಾನದಲ್ಲಿ, ಹಲವು ತಾಮ್ರಪಟಗಳು ದೊರೆತವು; ಶಾಸನತಜ್ಞ ಜೆ. ಎಫ್. ಫ್ಲೀಟ್ ಅವರು ಅವುಗಳನ್ನು ಓದಿ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಪ್ರಕಟಿಸಿದರು. ಕ್ರಿಸ್ತಶಕ ಐದು ಮತ್ತು ಆರನೆಯ ಶತಮಾನಗಳಿಗೆ ಸೇರಿದ ಈ ಶಾಸನಗಳನ್ನು ಇತಿಹಾಸಕಾರರು ರಾಜವಂಶಾವಳಿಗಾಗಿ ಓದುತ್ತಾರೆ, ಧರ್ಮಜಿಜ್ಞಾಸುಗಳು ಜೈನಸಂಘಗಳ ಚರಿತ್ರೆಗಾಗಿ ಓದುತ್ತಾರೆ. ನಾನು ಇಂದು ನಿಮ್ಮನ್ನು ಕೇಳಿಕೊಳ್ಳುವುದೇನೆಂದರೆ, ಅವುಗಳನ್ನು ದತ್ತಿಪತ್ರಗಳೆಂದು ಓದಿರಿ.

ಕದಂಬರ ಅರಸ ಮೃಗೇಶವರ್ಮನು ತೀರಿಹೋದ ತನ್ನ ತಂದೆಯ ಮೇಲಿನ ಭಕ್ತಿಯಿಂದ ಪಲಾಶಿಕೆಯಲ್ಲಿ ಒಂದು ಜಿನಾಲಯವನ್ನು ಕಟ್ಟಿಸಿ, 33 ನಿವರ್ತನ ಭೂಮಿಯನ್ನು ಯಾಪನೀಯ, ನಿರ್ಗ್ರಂಥ, ಕೂರ್ಚಕರೆಂಬ ಜೈನಸಂಘಗಳಿಗೆ ಬಿಟ್ಟುಕೊಟ್ಟನು. ತಂದೆಯ ಹೆಸರಿನಲ್ಲಿ ದತ್ತಿಯಿಡುವ ಇಂದಿನ ಮಗನ ಭಾವವೂ ಅದೇ ಅಲ್ಲವೆ? ಆದರೆ ಇದಕ್ಕಿಂತಲೂ ವಿಚಾರಾರ್ಹವಾದುದು ರವಿವರ್ಮನ ಕಾಲದ ಶಾಸನ. ಪೂರ್ವದಲ್ಲಿ ಕಾಕುಸ್ಥವರ್ಮನು ಶ್ರುತಕೀರ್ತಿಯೆಂಬವನಿಗೆ ಕೊಟ್ಟ ಊರು, ಅವನ ಮನೆತನದಲ್ಲಿ ಮುಂದುವರಿದು, ಶಾಂತಿವರ್ಮನ ಮತ್ತು ಮೃಗೇಶವರ್ಮನ ಕಾಲಗಳಲ್ಲಿ ಪುನಃ ದೃಢಪಟ್ಟು, ರವಿವರ್ಮನ ಕಾಲಕ್ಕೆ ಹೇಗೆ ಬಂದಿತೆಂಬ ವೃತ್ತಾಂತವನ್ನು ಆ ಶಾಸನ ಮೊದಲು ನಿರೂಪಿಸುತ್ತದೆ. ಅನಂತರ ಆ ಊರಿನ ಆದಾಯದಿಂದ ಪ್ರತಿವರ್ಷ ಕಾರ್ತಿಕದ ಹುಣ್ಣಿಮೆಯ ಸಂದರ್ಭದಲ್ಲಿ ಎಂಟು ದಿನಗಳ ಜಿನೇಂದ್ರೋತ್ಸವ ನಡೆಯಬೇಕೆಂದೂ, ಮಳೆಗಾಲದ ನಾಲ್ಕು ತಿಂಗಳು ತಪಸ್ವಿಗಳಿಗೆ ಆಹಾರ ಸಲ್ಲಬೇಕೆಂದೂ ವಿಧಿಸುತ್ತದೆ. ಯಾರು ಕೊಟ್ಟರು, ಯಾವುದನ್ನು ಕೊಟ್ಟರು, ಯಾರಿಗೆ ಕೊಟ್ಟರು, ಅದರ ಉತ್ಪನ್ನವು ಯಾವ ಕಾಲದಲ್ಲಿ ಯಾವ ಕಾರ್ಯಕ್ಕೆ ವಿನಿಯೋಗವಾಗಬೇಕು, ಹಿಂದಿನ ಹಕ್ಕಿನ ಪರಂಪರೆ ಏನು, ಇವಿಷ್ಟನ್ನೂ ತಾಮ್ರದ ಮೇಲೆ ಕೊರೆಯಿಸಿದ ಆ ಜನಕ್ಕೆ ದಾನವೆಂಬುದು ಕೇವಲ ಒಂದು ಗಳಿಗೆಯ ಉದಾರಭಾವವಾಗಿರಲಿಲ್ಲ. ಖಾನಾಪುರದ ಮಳೆಯನ್ನು ಬಲ್ಲವರಿಗೆ ಆ ನಾಲ್ಕು ತಿಂಗಳ ಅನ್ನದ ಏರ್ಪಾಡಿನ ಅರ್ಥ ಚೆನ್ನಾಗಿ ಆದೀತು: ದಾನಿಯು ತನ್ನ ಕಲ್ಪನೆಯಲ್ಲಿರುವ ಪುಣ್ಯವನ್ನಲ್ಲ, ಪಡೆಯುವವನ ನಿಜವಾದ ಕೊರತೆಯನ್ನು ನೋಡಿ ಕೊಟ್ಟಿದ್ದಾನೆ.

ಶಾಸನಗಳ ಕೊನೆಯಲ್ಲಿ ಬರುವ ಶಾಪವಾಕ್ಯಗಳನ್ನು ನೀವೆಲ್ಲ ಬಲ್ಲಿರಿ. ತಾನು ಕೊಟ್ಟುದನ್ನಾಗಲಿ ಪರರು ಕೊಟ್ಟುದನ್ನಾಗಲಿ ಅಪಹರಿಸಿದವನಿಗೆ ಅರುವತ್ತು ಸಾವಿರ ವರ್ಷಗಳ ದುರ್ಗತಿಯೆಂಬ ಭೀತಿಯನ್ನು ಅವು ಒಡ್ಡುತ್ತವೆ. ಅವುಗಳ ಜೊತೆಯಲ್ಲಿಯೇ ನಮ್ಮ ನಾಡಿನ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಇನ್ನೊಂದು ವಿಚಾರವುಂಟು. ಭೀತಿಯ ಮಾತಿನ ಅಬ್ಬರದಲ್ಲಿ ಅದು ನಮ್ಮ ಕಿವಿಗೆ ಬೀಳುವುದೇ ಇಲ್ಲ. ತನ್ನದನ್ನು ಕೊಡುವುದು ಸುಲಭ, ಪರರು ಕೊಟ್ಟುದನ್ನು ಕಾಪಾಡುವುದು ಕಷ್ಟ. ಆದುದರಿಂದ ದಾನ ಪಾಲನೆಗಳೆರಡರಲ್ಲಿ ಪಾಲನೆಯೇ ಮೇಲು, ಎಂಬುದು ಅದರ ತಾತ್ಪರ್ಯ. ಈ ತಾರತಮ್ಯವನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಸಭೆಯಲ್ಲಿ ದಾನಿಗೆ ಶಾಲು ಹೊದಿಸುತ್ತೇವೆ. ಮೂವತ್ತು ವರ್ಷ ಆ ದಾನದ ಲೆಕ್ಕವನ್ನು ಕಾಸಿಗೆ ಕಾಸು ಒಪ್ಪಿಸುತ್ತ ಬಂದ ಕಾರ್ಯದರ್ಶಿಯ ಹೆಸರು ಯಾರಿಗೂ ತಿಳಿದಿರುವುದಿಲ್ಲ.

ಈ ಪ್ರಾಚೀನ ಜಾಗರೂಕತೆಯ ಎದುರಿಗೆ ನಮ್ಮ ಕಾಲದ ರೀತಿಯನ್ನು ಇಟ್ಟು ನೋಡಿರಿ. ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಸರಕಾರಿ ಶಾಲೆಯ ಕಟ್ಟಡ ನಿಂತಿರುವ ನೆಲ ಯಾರೋ ಒಬ್ಬ ಹಿರಿಯರು ಊರವರ ಮುಂದೆ ನಿಂತು ಬಾಯಿಮಾತಿನಿಂದ ಕೊಟ್ಟುದಾಗಿದೆ. ಕೊಟ್ಟವರಿಗೂ ಕೇಳಿದವರಿಗೂ ಆ ಮಾತೇ ಪ್ರಮಾಣವಾಗಿತ್ತು. ಆ ವಿಶ್ವಾಸವನ್ನು ನಾನು ಗೌರವಿಸುತ್ತೇನೆ. ಆದರೆ ಜಮೀನಿನ ದಾಖಲೆಯಾದ ಉತಾರದಲ್ಲಿ ಮಾತ್ರ ಹಳೆಯ ಹೆಸರೇ ಮುಂದುವರಿದು, ಹಿರಿಯರು ತೀರಿಹೋಗಿ, ಮಕ್ಕಳಲ್ಲಿ ವಾಟ್ನಿಯಾಗಿ, ಆ ಕಡೆ ರಸ್ತೆ ಬಂದು ನೆಲದ ಬೆಲೆ ಏರಿದ ದಿನ, ಅಜ್ಜನ ಮಾತನ್ನು ಕೇಳಿರದ ಮೊಮ್ಮಗನು ಶಾಲೆಯ ಅಂಗಳಕ್ಕೆ ಬೇಲಿ ಹಾಕುತ್ತಾನೆ. ಮೊಮ್ಮಗನನ್ನು ದೂಷಿಸುವುದು ಸುಲಭ. ಆದರೆ ದೋಷದ ಬಹುಪಾಲು ಅಂದಿನ ಶಾಲಾ ಸಮಿತಿಯದು. ಸ್ಥಿರ ಸ್ವತ್ತಿನ ದಾನವು ನೋಂದಾಯಿತ ಪತ್ರದಿಂದ, ದಾನಿಯ ಸಹಿ ಮತ್ತು ಇಬ್ಬರು ಸಾಕ್ಷಿಗಳೊಡನೆ ಆಗಬೇಕೆಂದು 1882ರ ಸ್ವತ್ತು ವರ್ಗಾವಣೆ ಕಾಯಿದೆಯ 123ನೆಯ ಕಲಮು ಹೇಳುತ್ತದೆ. ಆ ಒಂದು ದಿನ ದಾನಿಯನ್ನು ಗೌರವದಿಂದ ಕರೆದುಕೊಂಡು ತಾಲೂಕಿನ ಸಬ್‌ರಜಿಸ್ಟ್ರಾರ್ ಕಚೇರಿಗೆ ಹೋಗಿದ್ದರೆ, ಆ ಹಿರಿಯರ ದಾನ ಇಂದು ವ್ಯಾಜ್ಯದ ವಸ್ತುವಾಗುತ್ತಿರಲಿಲ್ಲ.

ನಮ್ಮ ಜಿಲ್ಲೆಯ ಅರ್ವಾಚೀನ ಚರಿತ್ರೆಗೆ ಬಂದರೆ, ಬರೆದಿಟ್ಟ ದಾನಕ್ಕೆ ಎಂತಹ ಆಯುಷ್ಯವಿರಬಲ್ಲುದೆಂಬುದಕ್ಕೆ ತ್ಯಾಗವೀರ ಶಿರಸಂಗಿ ಲಿಂಗರಾಜರಿಗಿಂತ ದೊಡ್ಡ ನಿದರ್ಶನವಿಲ್ಲ. 1861ರಲ್ಲಿ ಶಿಗ್ಲಿಯಲ್ಲಿ ಜನಿಸಿ, ಶಿರಸಂಗಿ ದೇಸಗತಿಯ ಮನೆತನಕ್ಕೆ ದತ್ತಕರಾಗಿ ಬಂದು, 1904ರಲ್ಲಿ ಧಾರವಾಡದಲ್ಲಿ ಸೇರಿದ ವೀರಶೈವ ಮಹಾಸಭೆಯ ಮೊದಲನೆಯ ಅಧಿವೇಶನದ ಅಧ್ಯಕ್ಷತೆ ವಹಿಸಿದ ಆ ಪುರುಷರು, 1906ರಲ್ಲಿ ಕಾಲವಾಗುವುದಕ್ಕೆ ಮುನ್ನ, ತಮ್ಮ ಸಂಸ್ಥಾನದ ಸಂಪತ್ತು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆ ಸಲ್ಲಬೇಕೆಂದು ಮೃತ್ಯುಪತ್ರ ಬರೆದರು. ತೀರಿಕೊಂಡಾಗ ಅವರಿಗೆ ಇನ್ನೂ ಐವತ್ತು ವರ್ಷ ತುಂಬಿರಲಿಲ್ಲ. ಮೃತ್ಯುಪತ್ರವೆಂಬುದು ವೃದ್ಧಾಪ್ಯದ ಕೊನೆಯ ಹಾಸಿಗೆಯ ಮೇಲೆ ಬರೆಯತಕ್ಕ ಕಾಗದವೆಂದು ಭಾವಿಸಿ ಅದರ ಹೆಸರನ್ನು ಎತ್ತುವುದನ್ನೇ ಅಮಂಗಳವೆಂದು ಎಣಿಸುವ ಮನೆಗಳಲ್ಲಿ ಈ ಸಂಗತಿಯನ್ನು ಹೇಳಬೇಕು. ಅವರು ಹಾಗೆ ಎಣಿಸಿದ್ದರೆ ಶಿರಸಂಗಿ-ನವಲಗುಂದ ಟ್ರಸ್ಟ್ ಇರುತ್ತಿರಲಿಲ್ಲ. ಆ ಟ್ರಸ್ಟಿನ ವಿದ್ಯಾರ್ಥಿವೇತನದ ಬಲದಿಂದ ಓದಿ ಮುಂದೆ ಬಂದ ಬಡಮಕ್ಕಳ ತಲೆಮಾರುಗಳು ಬಾಗಿಲ ಹೊರಗೇ ಉಳಿಯುತ್ತಿದ್ದವು. 1933ರಲ್ಲಿ ಈ ನಗರದಲ್ಲಿ ಆರಂಭವಾದ ಲಿಂಗರಾಜ ಕಾಲೇಜು ಅವರ ಹೆಸರನ್ನು ಹೊತ್ತುದು, ಅವರು ಗತಿಸಿ ಇಪ್ಪತ್ತೇಳು ವರ್ಷಗಳಾದ ಮೇಲೆ.

ಆ ಕಾಲೇಜನ್ನು ಕಟ್ಟಿದ ಸಂಸ್ಥೆಯ ಕಥೆಯಲ್ಲಿ ವಂತಿಗೆ ಎತ್ತುವವರಿಗೆ ತಿಳಿಯಬೇಕಾದುದು ಬಹಳವಿದೆ. 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ ಆರಂಭವಾದಾಗ ಅದರ ಬಂಡವಾಳವೆಂದರೆ ಏಳು ಮಂದಿ ಶಿಕ್ಷಕರ ದೇಹಶ್ರಮ. ಶಿ. ಶಿ. ಬಸವನಾಳ, ಎಂ. ಆರ್. ಸಾಖರೆ, ಎಚ್. ಎಫ್. ಕಟ್ಟಿಮನಿ, ಪಿ. ಆರ್. ಚಿಕ್ಕೋಡಿ ಮೊದಲಾದ ಆ ಸಪ್ತರ್ಷಿಗಳು ಉತ್ತಮವಾಗಿ ಓದಿದವರು. ಸರಕಾರಿ ಹುದ್ದೆಯ ದಾರಿ ಅವರಿಗೆ ಮುಚ್ಚಿರಲಿಲ್ಲ. ಅವರು ಅಲ್ಪ ವೇತನದಲ್ಲಿ ಆಜೀವ ಸೇವೆಗೆ ನಿಂತು, ಅನಂತರ ಜೋಳಿಗೆ ಹಿಡಿದು ಊರೂರಿಗೆ ಹೊರಟರು. ಮೊದಲು ತಾವು ಕೊಟ್ಟು ಆಮೇಲೆ ಇತರರನ್ನು ಕೇಳಿದ ಈ ಕ್ರಮವೇ ಅವರ ಯಶಸ್ಸಿನ ಕಾರಣವೆಂದು ನಾನು ನಂಬಿದ್ದೇನೆ. ಅವರ ಮೊದಲನೆಯ ಶಾಲೆ ಗಿಲಗಂಚಿ-ಅರಟಾಳ ಹೈಸ್ಕೂಲು. ಗಿಲಗಂಚಿ ಗುರುಸಿದ್ಧಪ್ಪನವರ ಮತ್ತು ಅರಟಾಳ ರುದ್ರಗೌಡರ ಹೆಸರುಗಳು ಜೊತೆಜೊತೆಯಾಗಿ ಆ ಶಾಲೆಯ ನೆತ್ತಿಯ ಮೇಲೆ ನಿಂತು, ಇಂದಿಗೂ ಜಿ.ಎ. ಹೈಸ್ಕೂಲು ಎಂದು ಬೆಳಗಾವಿಯ ಹುಡುಗರ ನಾಲಗೆಯ ಮೇಲೆ ಆಡುತ್ತಿವೆ. ಹೆಸರಿನ ಪೂರ್ಣರೂಪವನ್ನು ಅರಿಯದ ಹುಡುಗನೂ ಅಂದಿನವರ ದಾನದ ಫಲವನ್ನು ಉಣ್ಣುತ್ತಿದ್ದಾನೆ.

ವಂಟಮುರಿಯ ರಾಜಾ ಲಖಮಗೌಡ ಸರದೇಸಾಯಿಯವರ ಔದಾರ್ಯವೂ ಹಾಗೆಯೇ ಈ ನಗರದಲ್ಲಿ ಎರಡು ಮುಖವಾಗಿ ನಿಂತಿದೆ. ಕೆ.ಎಲ್.ಇ. ಸಂಸ್ಥೆಯ ವಿಜ್ಞಾನ ಕಾಲೇಜಿಗೆ ಅವರ ಹೆಸರುಂಟು. 1939ರಲ್ಲಿ ಸ್ಥಾಪಿತವಾದ ಕರ್ನಾಟಕ ಲಾ ಸೊಸೈಟಿಯ ಕಾನೂನು ಕಾಲೇಜಿಗೂ ಅವರದೇ ಹೆಸರು. ಒಬ್ಬ ದಾನಿ ಎರಡು ಬೇರೆಬೇರೆ ಸಂಸ್ಥೆಗಳಲ್ಲಿ ನೆನಪಾಗುತ್ತಿರುವುದು ನಮ್ಮ ಇಂದಿನ ಸಂಸ್ಥೆಗಳ ಪೈಪೋಟಿಯನ್ನು ಕಂಡಾಗ ಮನಸ್ಸಿಗೆ ಬರಬೇಕಾದ ಸಂಗತಿ.

ದೇಸಾಯರ, ಇನಾಮದಾರರ ಮಾತಾಯಿತು, ಪಿಂಚಣಿಯವರಾದ ನಾವು ಏನು ಮಾಡಬಲ್ಲೆವು ಎಂದು ನಿಮ್ಮಲ್ಲಿ ಕೆಲವರು ಯೋಚಿಸುತ್ತಿರಬಹುದು. ಮೊತ್ತ ಬೇರೆ, ಕ್ರಮ ಒಂದೇ. ದೊಡ್ಡ ಮೊತ್ತವೂ ಕ್ರಮತಪ್ಪಿದರೆ ತೊಡಕಿಗೆ ಸಿಲುಕುತ್ತದೆಂಬುದಕ್ಕೆ ಆಲ್‌ಫ್ರೆಡ್ ನೊಬೆಲ್ ಸಾಕ್ಷಿ. ಆತ 1895ರಲ್ಲಿ ವಕೀಲರ ನೆರವಿಲ್ಲದೆ ಸ್ವಹಸ್ತದಿಂದ ಬರೆದ ಮೃತ್ಯುಪತ್ರದಲ್ಲಿ ಹೆಸರಿಸಿದ ನಿಧಿಯನ್ನು ನಡೆಸುವ ಸಂಸ್ಥೆಯೇ ಆಗ ಇರಲಿಲ್ಲ. 1896ರಲ್ಲಿ ಆತ ತೀರಿದ ಮೇಲೆ ಬಂಧುಗಳ ಆಕ್ಷೇಪಣೆಯನ್ನೂ ಪ್ರಶಸ್ತಿ ಕೊಡಬೇಕಾಗಿದ್ದ ಸಂಸ್ಥೆಗಳ ಹಿಂಜರಿಕೆಯನ್ನೂ ದಾಟಿ ಮೊದಲ ಪಾರಿತೋಷಕ ಸಂದುದು 1901ರಲ್ಲಿ. ಜಗತ್ತಿನ ಅತ್ಯಂತ ಪ್ರಖ್ಯಾತ ದತ್ತಿಯ ಗತಿಯೇ ಹೀಗಾದರೆ, ಒಂದು ಚೀಟಿಯಲ್ಲಿ ‘ಅನಾಥ ಮಕ್ಕಳ ಶಾಲೆಗೆ ಎರಡು ಲಕ್ಷ ಕೊಡತಕ್ಕದ್ದು’ ಎಂದು ಗೀಚಿ ಟ್ರಂಕಿನಲ್ಲಿಟ್ಟ ನಮ್ಮಂಥವರ ಇಚ್ಛೆಯ ಗತಿಯೇನು? ಯಾವ ಶಾಲೆ? ಯಾವ ಊರಿನದು? ಯಾವ ಹೆಸರಿನಲ್ಲಿ ನೋಂದಣಿಯಾದುದು? ಕೊಡತಕ್ಕವರು ಯಾರು?

ಆದುದರಿಂದ ನಿವೃತ್ತರಲ್ಲಿ ಕೆಲವು ಮಾತುಗಳನ್ನು ಬಿಡಿಸಿ ವಿಜ್ಞಾಪಿಸುತ್ತೇನೆ. ಮೊದಲನೆಯ ಹಕ್ಕು ನಿಮ್ಮ ವೃದ್ಧಾಪ್ಯದ್ದು ಮತ್ತು ನಿಮ್ಮ ಮನೆಯವರದು. ಪಿಂಚಣಿದಾರರು ತೀರಿಕೊಂಡ ಮೇಲೆ ಪತ್ನಿಗೆ ದೊರೆಯುವುದು ಕುಟುಂಬ ಪಿಂಚಣಿ ಮಾತ್ರ. ಅದು ಸಾಮಾನ್ಯವಾಗಿ ಮೂಲ ಪಿಂಚಣಿಗಿಂತ ಕಡಿಮೆ. ಆಕೆಯ ಔಷಧಕ್ಕೂ ಆರೈಕೆಗೂ ತಕ್ಕ ಏರ್ಪಾಡು ಮಾಡದೆ ಕೊಟ್ಟ ದಾನವನ್ನು ನಾನು ದಾನವೆಂದು ಕರೆಯಲಾರೆ. ಮಕ್ಕಳಿಗೋ ಬಂಧುಗಳಿಗೋ ಮನೆಯನ್ನು ಬಕ್ಷೀಸುಪತ್ರದಿಂದ ಬರೆದುಕೊಡುವವರು, ತಮ್ಮ ಪಾಲನೆ ಪೋಷಣೆಯ ಷರತ್ತನ್ನು ಪತ್ರದಲ್ಲಿಯೇ ಬರೆಯಿಸಲಿ; ಹಾಗೆ ಬರೆದಿದ್ದೂ ಪಡೆದವರು ಅದರಂತೆ ನಡೆಯದಿದ್ದರೆ ಆ ವರ್ಗಾವಣೆಯನ್ನು ರದ್ದುಗೊಳಿಸುವ ಮಾರ್ಗವನ್ನು 2007ರ ಹಿರಿಯ ನಾಗರಿಕರ ಕಾಯಿದೆಯ 23ನೆಯ ಕಲಮು ಒದಗಿಸಿದೆ. ಸಂಸ್ಥೆಗೆ ಮನೆಯನ್ನು ಕೊಡುವವರೂ ತಮ್ಮ ಜೀವಿತಾವಧಿಯ ವಾಸದ ಹಕ್ಕನ್ನು ಉಳಿಸಿಕೊಂಡು ಕೊಡಬಹುದು. ಇದರಲ್ಲಿ ಸಂಕೋಚಪಡತಕ್ಕದ್ದೇನೂ ಇಲ್ಲ.

ಎರಡನೆಯದಾಗಿ, ಯಾವುದು ನಿಮ್ಮದೆಂಬುದನ್ನು ಮೊದಲು ತಿಳಿಯಿರಿ. ಸ್ವಯಾರ್ಜಿತವಾದುದನ್ನು ನೀವು ಇಚ್ಛೆಯಂತೆ ಬರೆಯಬಹುದು. ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿ ಹಿಂದೂ ಕುಟುಂಬದವರು ಮೃತ್ಯುಪತ್ರದಿಂದ ಬರೆಯಬಲ್ಲುದು ತಮ್ಮ ಪಾಲನ್ನು ಮಾತ್ರ, ಮತ್ತು 2005ರ ತಿದ್ದುಪಡಿಯ ಮೇಲೆ ಹೆಣ್ಣುಮಕ್ಕಳೂ ಆ ಆಸ್ತಿಯಲ್ಲಿ ಗಂಡುಮಕ್ಕಳಿಗೆ ಸಮಾನರಾದ ಪಾಲುದಾರರು. ಮಗಳ ಪಾಲನ್ನು ಗುಡಿಗೆ ಬರೆದುಕೊಟ್ಟು ಪುಣ್ಯ ಗಳಿಸುವುದು ಸಾಧ್ಯವಿಲ್ಲ. ಕಾಯಿದೆಯೂ ಒಪ್ಪದು, ಧರ್ಮವೂ ಒಪ್ಪದು.

ಮೃತ್ಯುಪತ್ರಕ್ಕೆ ಮುದ್ರಾಂಕದ ಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ. ಬರೆದವರು ಸಹಿ ಮಾಡಬೇಕು; ಇಬ್ಬರಾದರೂ ಸಾಕ್ಷಿಗಳು ಬರೆದವರ ಎದುರಿಗೆ ಸಹಿ ಹಾಕಬೇಕು; ಇದು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ವಿಧಿ. ಫಲ ಪಡೆಯುವವರನ್ನು ಸಾಕ್ಷಿಯಾಗಿ ಕರೆಯದಿರುವುದು ಲೇಸು. ಸಂಸ್ಥೆಗೆ ಬರೆಯುವಾಗ ಸಂಸ್ಥೆಯ ಕಾರ್ಯದರ್ಶಿಯು ಸಾಕ್ಷಿಯಾಗಿ ನಿಲ್ಲಬಾರದು. ಕಡ್ಡಾಯವಲ್ಲದಿದ್ದರೂ ನೋಂದಣಿ ಮಾಡಿಸಿರೆಂದೇ ನನ್ನ ಸಲಹೆ. ಮುಚ್ಚಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಗಳಲ್ಲಿ ಇರಿಸುವ ಅವಕಾಶವೂ ಉಂಟು. ಸಂಸ್ಥೆಯ ಹೆಸರನ್ನು ನೋಂದಣಿ ಪತ್ರದಲ್ಲಿರುವಂತೆಯೇ ಬರೆಯಿರಿ. ಇಂತಿಷ್ಟು ರೂಪಾಯಿಯೆಂದು ಬರೆಯುವುದಕ್ಕಿಂತ, ಉಳಿದುದರಲ್ಲಿ ಇಂತಿಷ್ಟು ಅಂಶವೆಂದು ಬರೆಯುವುದು ಉತ್ತಮ. ಕೊನೆಯ ಕಾಯಿಲೆ ಎಷ್ಟು ಹಣವನ್ನು ತಿಂದೀತೆಂದು ಯಾರೂ ಅರಿಯರು, ಅಂಶವಾದರೆ ಕುಟುಂಬಕ್ಕೂ ಸಂಸ್ಥೆಗೂ ಸಮನಾಗಿ ತಗ್ಗುತ್ತದೆ. ಮೃತ್ಯುಪತ್ರದಂತೆ ನಡೆಸಿಕೊಡುವ ವ್ಯವಸ್ಥಾಪಕರೊಬ್ಬರನ್ನು, ನಿಮಗಿಂತ ಕಿರಿಯರಾದವರನ್ನು, ಪತ್ರದಲ್ಲಿಯೇ ನೇಮಿಸಿರಿ. ಬ್ಯಾಂಕಿನ ಠೇವಣಿಗೆ ನಾಮಿನಿಯಾಗಿ ಬರೆಯಿಸಿದವರೇ ಆ ಹಣದ ಒಡೆಯರಾಗುವರೆಂಬ ಭ್ರಮೆ ವಿದ್ಯಾವಂತರಲ್ಲಿಯೂ ಇದೆ. ನಾಮಿನಿಯು ಹಣವನ್ನು ಸ್ವೀಕರಿಸಿ ಹಕ್ಕುದಾರರಿಗೆ ಒಪ್ಪಿಸತಕ್ಕವನು ಮಾತ್ರವೆಂದು ಸುಪ್ರೀಂ ಕೋರ್ಟು ಹಲವು ತೀರ್ಪುಗಳಲ್ಲಿ ಹೇಳಿದೆ.

ಖಾನಾಪುರದ ಕಡೆಯ ನನ್ನ ಕ್ರೈಸ್ತ ಬಂಧುಗಳಿಗೆ ಒಂದು ಮಾತು. ಅಣ್ಣತಮ್ಮಂದಿರ ಮಕ್ಕಳಷ್ಟು ಹತ್ತಿರದ ಬಂಧುಗಳಿದ್ದರೂ ಸಾಕು, ಧರ್ಮಕಾರ್ಯಕ್ಕೆ ಬರೆದ ಮೃತ್ಯುಪತ್ರವು ಮರಣಕ್ಕೆ ಹನ್ನೆರಡು ತಿಂಗಳ ಮೊದಲೇ ಆಗಿರಬೇಕು ಮತ್ತು ಆರು ತಿಂಗಳೊಳಗೆ ಠೇವಣಿಯಾಗಿರಬೇಕು ಎಂಬ ನಿರ್ಬಂಧ, ಅದೇ ಉತ್ತರಾಧಿಕಾರ ಕಾಯಿದೆಯ 118ನೆಯ ಕಲಮಿನಿಂದ, ಬಹುಕಾಲ ಅವರನ್ನು ಬಾಧಿಸುತ್ತಿತ್ತು. 2003ರಲ್ಲಿ ಸುಪ್ರೀಂ ಕೋರ್ಟು ಆ ಕಲಮನ್ನು ಸಂವಿಧಾನಬಾಹಿರವೆಂದು ತೆಗೆದುಹಾಕಿತು. ಹಳೆಯ ಭಯವನ್ನು ಇನ್ನೂ ಇಟ್ಟುಕೊಂಡಿರುವವರು ಅದನ್ನು ಬಿಡಬಹುದು.

ಹಣವಿಲ್ಲದವರು ಕೊಡಬಲ್ಲ ದಾನವೂ ಒಂದುಂಟು, ಮತ್ತು ಅದರಲ್ಲಿ ನಮ್ಮ ಜಿಲ್ಲೆ ಇಡೀ ದೇಶಕ್ಕೆ ಮೇಲ್ಪಂಕ್ತಿಯಾಗಿದೆ. ಬೈಲಹೊಂಗಲದ ವೈದ್ಯರೊಬ್ಬರು ಮರಣಾನಂತರ ತಮ್ಮ ದೇಹವನ್ನು ವಿದ್ಯಾರ್ಥಿಗಳ ಅಭ್ಯಾಸಕ್ಕೆ ಬಿಟ್ಟುಕೊಡಬೇಕೆಂದು ಇಚ್ಛಿಸಿದರು. 2010ರಲ್ಲಿ ಬೆಳಗಾವಿಯ ಆಯುರ್ವೇದ ಕಾಲೇಜಿನಲ್ಲಿ ಶರೀರರಚನಾಶಾಸ್ತ್ರದ ಅಧ್ಯಾಪಕರಾಗಿದ್ದ ಅವರ ಮಗನೇ ತಂದೆಯ ದೇಹವನ್ನು ವಿದ್ಯಾರ್ಥಿಗಳ ಮುಂದೆ ಛೇದಿಸಿ ಪಾಠ ಹೇಳಿದರು. ಆ ಮಗನ ಧೈರ್ಯವನ್ನು ನೆನೆದಾಗ ನನ್ನ ಮಾತು ನಿಲ್ಲುತ್ತದೆ. ಇಲ್ಲಿಯೂ ಕಾಗದಕ್ಕಿಂತ ಮನೆಯವರ ಒಪ್ಪಿಗೆ ಮುಖ್ಯ: ದೇಹವನ್ನು ಒಪ್ಪಿಸಬೇಕಾದವರು ಅವರು. ನೇತ್ರದಾನಕ್ಕಾದರೆ ಕೆಲವೇ ಗಂಟೆಗಳ ಅವಧಿ. ಸಂಕಲ್ಪಪತ್ರವನ್ನು ಕಪಾಟಿನಲ್ಲಿಟ್ಟು ಮಕ್ಕಳಿಗೆ ಹೇಳದೆ ಹೋದವರ ಇಚ್ಛೆ ನೆರವೇರುವುದಿಲ್ಲ.

ಇನ್ನು ಇಂದಿನ ಈ ಸಭೆಗೆ ಕಾರಣವಾದ ದತ್ತಿಯೆಂಬ ಪದ್ಧತಿಯನ್ನೇ ಕುರಿತು. 1890ರಲ್ಲಿ ಸ್ಥಾಪಿತವಾದ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ, 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು ಮತ್ತು ಅದರ ಜಿಲ್ಲಾ ಶಾಖೆಗಳು, ಕಾಲೇಜುಗಳು, ಮಠಗಳು, ಇವುಗಳ ಸಾಂಸ್ಕೃತಿಕ ಜೀವನದ ಬಹುಭಾಗ ನಡೆಯುವುದು ದತ್ತಿಗಳಿಂದ. ತಾಯಿಯ ಹೆಸರಿನಲ್ಲಿ, ಗುರುವಿನ ಹೆಸರಿನಲ್ಲಿ, ಅಕಾಲದಲ್ಲಿ ತೀರಿದ ಮಗನ ಹೆಸರಿನಲ್ಲಿ ಒಂದು ಇಡುಗಂಟನ್ನು ಒಪ್ಪಿಸಿದರೆ, ಅದರ ಬಡ್ಡಿಯಿಂದ ವರ್ಷಕ್ಕೊಂದು ಉಪನ್ಯಾಸವೋ ಒಬ್ಬ ವಿದ್ಯಾರ್ಥಿಗೆ ಬಹುಮಾನವೋ ಶಾಶ್ವತವಾಗಿ ನಡೆಯುವುದೆಂಬುದು ಕಲ್ಪನೆ. ಶಾಶ್ವತವೆಂಬ ಪದವನ್ನು ನಾವು ಬಹಳ ಸುಲಭವಾಗಿ ಬರೆಯುತ್ತೇವೆ. 1990ರ ದಶಕದ ನಡುವೆ ಬ್ಯಾಂಕಿನ ಠೇವಣಿಗೆ ಶೇಕಡಾ 12ರ ಸುಮಾರು ಬಡ್ಡಿ ಬರುತ್ತಿದ್ದಾಗ 10,000 ರೂಪಾಯಿಯ ದತ್ತಿಯಿಂದ ವರ್ಷಕ್ಕೆ 1,200 ದೊರೆಯುತ್ತಿತ್ತು. ಆಮಂತ್ರಣದ ಮುದ್ರಣ, ಉಪನ್ಯಾಸಕರ ಬಸ್ಸಿನ ಖರ್ಚು, ಗೌರವಧನ, ಸಭಿಕರಿಗೆ ಚಹಾ, ಎಲ್ಲವೂ ಅದರಲ್ಲಿ ಸಾಗುತ್ತಿದ್ದವು. ಬಡ್ಡಿ ಆರೂವರೆಗೆ ಇಳಿದರೆ ಅದೇ ಮೂಲಧನಕ್ಕೆ ಬರುವುದು 650 ರೂಪಾಯಿ. ಅದರಲ್ಲಿ ಇಂದು ಆಮಂತ್ರಣವೂ ಮುದ್ರಣವಾಗದು. ಹೀಗೆ ಎಷ್ಟೋ ದತ್ತಿಗಳು ಯಾರ ಅಪರಾಧವೂ ಇಲ್ಲದೆ ಕ್ಷೀಣಿಸಿ, ನಾಲ್ಕೈದು ದತ್ತಿಗಳನ್ನು ಒಂದೇ ಸಂಜೆ ಮುಗಿಸುವ ಸ್ಥಿತಿಗೆ ಬಂದಿವೆ. ದಾನಿಯ ಮಕ್ಕಳು ದೂರದ ಊರಿನಿಂದ ಬಂದು, ತಮ್ಮ ತಾಯಿಯ ಹೆಸರು ಎರಡು ನಿಮಿಷದಲ್ಲಿ ಓದಿ ಮುಗಿಯುವುದನ್ನು ಕೇಳಿ, ಮನಸ್ಸು ಕಹಿಮಾಡಿಕೊಂಡು ಹೋಗುವುದನ್ನು ನಾನು ನೋಡಿದ್ದೇನೆ.

ಇದಕ್ಕೆ ಉಪಾಯವಿಲ್ಲವೆ? ಉಂಟು. ಬಂದ ಬಡ್ಡಿಯನ್ನೆಲ್ಲ ಖರ್ಚುಮಾಡಬಾರದು. ಒಂದು ಲಕ್ಷ ರೂಪಾಯಿಯ ದತ್ತಿಗೆ ಶೇಕಡಾ 7ರಂತೆ 7,000 ಬಡ್ಡಿ ಬಂದರೆ, 5,000 ವೆಚ್ಚಮಾಡಿ 2,000 ಮೂಲಧನಕ್ಕೆ ಸೇರಿಸಿ, ವರ್ಷವರ್ಷವೂ ಅದೇ ಪ್ರಮಾಣವನ್ನು ಪಾಲಿಸಿದರೆ, ಹತ್ತು ವರ್ಷಗಳಲ್ಲಿ ಮೂಲಧನವು 1,22,000ದ ಸಮೀಪಕ್ಕೆ ಬರುತ್ತದೆ. ಇದು ಬೆಲೆಯೇರಿಕೆಯನ್ನು ಪೂರ್ಣವಾಗಿ ಗೆಲ್ಲದು. ಆದರೆ ದತ್ತಿಯ ಆಯುಷ್ಯವನ್ನು ಒಂದು ತಲೆಮಾರಿನಷ್ಟು ಹೆಚ್ಚಿಸುತ್ತದೆ. ಈ ನಿಯಮವನ್ನು ದತ್ತಿಪತ್ರದಲ್ಲಿಯೇ ಬರೆಯಿಸಿರಿ. ಅದರೊಡನೆ, ಮೂಲ ಉದ್ದೇಶವು ಕಾಲಾಂತರದಲ್ಲಿ ಅಸಾಧ್ಯವಾದರೆ ಅದಕ್ಕೆ ಅತಿ ಸಮೀಪವಾದ ಇನ್ನೊಂದು ಉದ್ದೇಶಕ್ಕೆ ಬಳಸುವ ಅಧಿಕಾರವನ್ನೂ ಸಂಸ್ಥೆಗೆ ಕೊಡಿರಿ. ಇಲ್ಲದಿದ್ದರೆ ಅಂತಹ ಬದಲಾವಣೆಗೆ ನ್ಯಾಯಾಲಯದವರೆಗೆ ಹೋಗಬೇಕಾದೀತು. ಟಂಕಲೇಖನದ ಪರೀಕ್ಷೆಯಲ್ಲಿ ಮೊದಲು ಬಂದವರಿಗೆ ಬಹುಮಾನವೆಂದು ಕಟ್ಟುನಿಟ್ಟಾಗಿ ಬರೆದ ಹಿರಿಯರು ಟಂಕಯಂತ್ರವೇ ಇಲ್ಲವಾಗುವ ಕಾಲವನ್ನು ಹೇಗೆ ಕಂಡಾರು?

ದತ್ತಿಯ ಹಣವನ್ನು ಎಲ್ಲಿಡಬೇಕೆಂಬುದೂ ಅಲ್ಪ ವಿಷಯವಲ್ಲ. ನಮ್ಮ ಕಡೆ ಪತ್ತಿನ ಸೊಸೈಟಿಗಳು ಬಹಳ. ಒಂದೆರಡು ಶೇಕಡಾ ಹೆಚ್ಚಿನ ಬಡ್ಡಿಯ ಆಸೆಗೆ ಸಂಸ್ಥೆಯ ನಿಧಿಯನ್ನು ಅಲ್ಲಿಡುವ ಅಭ್ಯಾಸವೂ ಬಹಳ. ಬ್ಯಾಂಕಿನ ಠೇವಣಿಗೆ, ಸಹಕಾರಿ ಬ್ಯಾಂಕುಗಳೂ ಸೇರಿ, ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರರಿಗೆ 5 ಲಕ್ಷ ರೂಪಾಯಿವರೆಗೆ ವಿಮೆಯ ರಕ್ಷಣೆಯುಂಟು. ಪತ್ತಿನ ಸೊಸೈಟಿಯ ಠೇವಣಿಗೆ ಆ ರಕ್ಷಣೆ ಇಲ್ಲ. ಸ್ವಂತ ಹಣವನ್ನು ಅಪಾಯಕ್ಕೊಡ್ಡುವ ಸ್ವಾತಂತ್ರ್ಯ ಎಲ್ಲರಿಗೂ ಇದೆ. ಸತ್ತವರ ಹೆಸರಿನ ಹಣವನ್ನು ಅಪಾಯಕ್ಕೊಡ್ಡುವ ಅಧಿಕಾರ ಯಾವ ಕಾರ್ಯಕಾರಿ ಮಂಡಳಿಗೂ ಇಲ್ಲ.

ವಂತಿಗೆ ಎತ್ತುವ ಕಾರ್ಯಕರ್ತರೆ, ನಿಮ್ಮನ್ನು ಕುರಿತು ನನಗೆ ವಿಶೇಷ ಗೌರವವಿದೆ. ಪರರ ಬಾಗಿಲಲ್ಲಿ ನಿಂತು ಕೇಳುವುದಕ್ಕೆ ಕೊಡುವುದಕ್ಕಿಂತ ಹೆಚ್ಚಿನ ಮನೋಬಲ ಬೇಕು. ಆದರೆ ಕೇಳುವುದಕ್ಕೂ ಒಂದು ಕಾಲವುಂಟು, ಒಂದು ಮರ್ಯಾದೆಯುಂಟು. ರೋಗಿಯ ಹಾಸಿಗೆಯ ಬಳಿ, ಶೋಕದ ಮನೆಯಲ್ಲಿ ಹದಿನೈದು ದಿನವೂ ಕಳೆಯದಿರುವಾಗ, ಪಟ್ಟಿಯನ್ನು ತೆರೆಯಬೇಡಿರಿ. ಹಿರಿಯರೊಬ್ಬರು ಉದ್ವೇಗದಲ್ಲಿ ಮನೆಯನ್ನೇ ಬರೆದುಕೊಡುತ್ತೇನೆಂದರೆ, ಮಕ್ಕಳೊಡನೆ ಮಾತನಾಡಿ ಒಂದು ತಿಂಗಳ ಮೇಲೆ ಹೇಳಿರೆಂದು ಹಿಂದಿರುಗಿ ಬನ್ನಿರಿ. ಒಪ್ಪಿಕೊಳ್ಳಬಾರದ ದಾನವನ್ನು ನಿರಾಕರಿಸಿದ ಸಂಸ್ಥೆಗೆ ಊರಿನಲ್ಲಿ ಬೆಳೆಯುವ ಮಾನವನ್ನು ನಾನು ಕಂಡಿದ್ದೇನೆ. ಪಡೆದ ಪ್ರತಿಯೊಂದು ರೂಪಾಯಿಗೂ ಅಂದೇ ಪಾವತಿ ಕೊಡಿರಿ. ದೇಣಿಗೆಗೆ ಆದಾಯ ತೆರಿಗೆಯಲ್ಲಿ ಸಿಗುವ ರಿಯಾಯಿತಿಯ ಆಸೆಯನ್ನು ತೋರಿಸುವಾಗ ಪೂರ್ಣ ಸತ್ಯವನ್ನು ಹೇಳಿರಿ: 2,000 ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೆ ಅದು ಸಲ್ಲದು; ಹೊಸ ತೆರಿಗೆ ಪದ್ಧತಿಯಲ್ಲಿರುವ ಪಿಂಚಣಿದಾರರಿಗೆ ಅದು ದೊರೆಯುವುದೇ ಇಲ್ಲ. ದತ್ತಿಗಳ ಲೆಕ್ಕವನ್ನು ದಿನನಿತ್ಯದ ಖರ್ಚಿನ ಲೆಕ್ಕದಲ್ಲಿ ಬೆರೆಸಬೇಡಿರಿ. ಹಲಸಿಯ ಶಾಸನದವರು ನಾಲ್ಕು ಅರಸರ ಕಾಲದ ಹಕ್ಕಿನ ಕಥೆಯನ್ನು ಸ್ಮರಿಸಿ ಬರೆದರು. ಪ್ರತಿವರ್ಷ ಒಂದು ಹಾಳೆಯಲ್ಲಿ ಮೂಲಧನವೆಷ್ಟು, ಬಡ್ಡಿಯೆಷ್ಟು, ಯಾವ ವಿದ್ಯಾರ್ಥಿಗೆ ಏನು ಸಂದಿತೆಂದು ಬರೆದು ದಾನಿಯ ಮನೆತನಕ್ಕೆ ಕಳುಹಿಸುವುದು ನಮಗೆ ಅಸಾಧ್ಯವೆ? ಹಾಗೆ ಕಳುಹಿಸಿದ ಮನೆಯಿಂದ ಎರಡನೆಯ ದತ್ತಿ ಕೇಳದೆಯೇ ಬರುತ್ತದೆ.

ಬೆಳಗಾವಿ ನಗರಕ್ಕೆ ದಾನಿಗಳು ಒದಗಿಬಂದಷ್ಟು ಖಾನಾಪುರದ ಕಾಡಿನಂಚಿನ ಹಳ್ಳಿಗಳಿಗೆ ಬಂದಿಲ್ಲವೆಂಬುದನ್ನು ನಾವು ಮರೆಯಬಾರದು. ಕಣಕುಂಬಿಯ ಕಡೆಯ, ಭೀಮಗಡದ ಕಾಡಿನೊಳಗಿನ ಹಳ್ಳಿಗಳಲ್ಲಿ ಮಳೆಗಾಲದಲ್ಲಿ ಶಾಲೆಗೆ ಹೋಗುವುದೇ ಮಕ್ಕಳಿಗೆ ಒಂದು ಸಾಹಸ. ಹೈಸ್ಕೂಲಿಗೆ ಊರುಬಿಟ್ಟು ಬರುವ ಅಂತಹ ಒಬ್ಬ ಹುಡುಗಿಯ ವಸತಿಯ ಖರ್ಚನ್ನು ಹೊರುವ ದತ್ತಿಯು, ನಗರದ ಸಭಾಭವನದ ಗೋಡೆಯ ಮೇಲಿನ ಇನ್ನೊಂದು ಅಮೃತಶಿಲೆಯ ಫಲಕಕ್ಕಿಂತ ಹೆಚ್ಚಿನದೆಂದು ನಾನು ನಿಸ್ಸಂದೇಹವಾಗಿ ಹೇಳುತ್ತೇನೆ. ಆ ಮನೆಗಳಲ್ಲಿ ಮರಾಠಿ ಮಾತಾಡುತ್ತಾರೋ ಕನ್ನಡ ಮಾತಾಡುತ್ತಾರೋ ಎಂಬುದು ದಾನಿಯ ಪ್ರಶ್ನೆಯಾಗಬಾರದು.

ಕೊನೆಯದಾಗಿ ಒಂದು ಪ್ರಾರ್ಥನೆ. ನಿಮ್ಮ ಊರಿನ ಶಾಲೆಯ ನೆಲವನ್ನೋ ವಾಚನಾಲಯದ ಜಾಗವನ್ನೋ ನಿಮ್ಮ ಹಿರಿಯರು ಬಾಯಿಮಾತಿನಿಂದ ಕೊಟ್ಟಿದ್ದರೆ, ಅದರ ಮೇರೆಗಳನ್ನು ಬಲ್ಲ ವೃದ್ಧರು ಇನ್ನೂ ನಮ್ಮ ನಡುವೆ ಇರುವಾಗಲೇ, ಅಣ್ಣತಮ್ಮಂದಿರು ಅಕ್ಕತಂಗಿಯರೆಲ್ಲರ ಒಪ್ಪಿಗೆಯನ್ನು ಪಡೆದು, ಉತಾರವನ್ನು ತೆಗೆಯಿಸಿ, ಈ ವರ್ಷ ಮುಗಿಯುವುದರೊಳಗೆ ಅದನ್ನು ನೋಂದಣಿ ಮಾಡಿಸಿಕೊಡಿರಿ. ಸಂಸ್ಥೆಗಳವರು ತಮ್ಮಲ್ಲಿರುವ ದತ್ತಿಗಳ ಪೂರ್ಣ ಪಟ್ಟಿಯನ್ನು, ಸ್ಥಾಪನೆಯ ವರ್ಷ, ಮೂಲಧನ ಮತ್ತು ಉದ್ದೇಶಗಳೊಡನೆ, ಮುಂದಿನ ವಾರ್ಷಿಕ ಸಭೆಯ ಮುಂದೆ ಇಡಲಿ.